ಅದು ಟೆನ್ಷನ್ ಅಲ್ಲ ಕಣಮ್ಮ, ದಿಗಿಲು

ತಿಪಟೂರಿನ ಒಂದು ಸಹಕಾರ ಬ್ಯಾಂಕಿನಲ್ಲಿ ನಾನು 21 ವರ್ಷದಿಂದ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೇನೆ. ಕೊಬ್ಬರಿ ಹರಾಜಾದ ಮರುದಿನ ನಮ್ಮಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2023ರ ಫೆಬ್ರವರಿಯಲ್ಲಿ ಅಂಥದ್ದೇ ಒಂದು ದಿನ, ಸಂಜೆ ಟ್ಯಾಲಿ ಮಾಡುವಾಗ 18,500 ರೂಪಾಯಿ ಕಡಿಮೆ ಬಂತು. ಯಾರಿಗೋ ಜಾಸ್ತಿ ಎಣಿಸಿ ಕೊಟ್ಟಿದ್ದೆ. ಮೂರು ಸಲ ವೋಚರ್ ತಿರುವಿ ಹಾಕಿದೆ, ಸಿಗಲಿಲ್ಲ. ಕೈಯಿಂದ ಕಟ್ಟಿದೆ.

ದುಡ್ಡು ಕಟ್ಟಿದ ಮೇಲೆ ಅದು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ಕಟ್ಟನ್ನು ಮಷೀನಿಗೆ ಹಾಕಿ, ಮತ್ತೆ ಕೈಯಲ್ಲಿ ಎಣಿಸಿ, ಮತ್ತೆ ಮಷೀನಿಗೆ ಹಾಕತೊಡಗಿದೆ. ಸಾಲು ಉದ್ದವಾಗುತ್ತಿತ್ತು, ಜನ ಗೊಣಗುತ್ತಿದ್ದರು. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತಿತ್ತು. ಒಂದು ಮಧ್ಯಾಹ್ನ ಕೌಂಟರಿನಲ್ಲೇ ಎದೆ ಡಬಡಬ ಹೊಡೆದುಕೊಂಡು, ಕೈ ತಣ್ಣಗಾಗಿ, ಸತ್ತೇ ಹೋದೆ ಅನಿಸಿತು. ಇಸಿಜಿ ಮಾಡಿದರು, ನಾರ್ಮಲ್ ಬಂತು. "ಟೆನ್ಷನ್ ಮಾಡ್ಕೋಬೇಡಿ" ಎಂದರು ಡಾಕ್ಟರು. ಮನೆಯವರೂ ಅದನ್ನೇ ಹೇಳಿದರು. ನಾನೂ ನನಗೆ ಅದನ್ನೇ ಹೇಳಿಕೊಂಡೆ. ಹೇಗೆ ಮಾಡ್ಕೋಬಾರದು ಅಂತ ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಬ್ಯಾಂಕು, ಅಡುಗೆಮನೆ, ಪಾರ್ಶ್ವವಾಯು ಆದ ಅತ್ತೆ, ಪಿಯುಸಿ ಓದುವ ಮಗ, ಇಷ್ಟರ ನಡುವೆ ದಿನಾ ಮಾಡಲು ಆಗುವಂಥದ್ದು ಯಾವುದು ಎಂದು ನನಗೆ ಗೊತ್ತಿದೆ.

ಮೊದಲು ಒಂದು ಪದವನ್ನು ಬಿಡಿ

ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಅದರಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡು ಶುರುವಾಯಿತು. ನಿಮ್ಮ ಊರಿನಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ನಾನು ಹೋಗಲು ಎರಡು ತಿಂಗಳು ತೆಗೆದುಕೊಂಡೆ. ಬ್ಯಾಂಕಿನ ಗ್ರಾಹಕರು ಯಾರಾದರೂ ನೋಡಿದರೆ ಎಂಬ ಮುಜುಗರ. ಹೋದ ದಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರೇ ನಮ್ಮ ಖಾತೆದಾರರು. ಇಬ್ಬರೂ ನಮಸ್ಕಾರ ಮಾಡಿಕೊಂಡೆವು, ಅಷ್ಟೇ.

ಅಲ್ಲಿನ ಆಪ್ತ ಸಮಾಲೋಚಕಿ ನನ್ನ ಮಾತೆಲ್ಲ ಕೇಳಿಸಿಕೊಂಡು ಒಂದು ಕೆಲಸ ಕೊಟ್ಟರು. "ಒಂದು ವಾರ ಟೆನ್ಷನ್ ಅನ್ನೋ ಪದ ಬಿಟ್ಟುಬಿಡಿ. ಆ ಜಾಗಕ್ಕೆ ಬೇರೆ ಪದ ಹಾಕಿ ಬರೆದುಕೊಂಡು ಬನ್ನಿ" ಎಂದರು.

ಮನೆಗೆ ಬಂದು ಕೂತರೆ ಪದವೇ ಸಿಗಲಿಲ್ಲ. ನಮ್ಮತ್ತೆಗೆ ಎಡಗೈ, ಎಡಗಾಲು ಸ್ವಾಧೀನ ಇಲ್ಲ, ಮಾತು ಮಾತ್ರ ಸ್ಪಷ್ಟ. ಅವರಿಗೆ ಊಟ ಮಾಡಿಸುತ್ತ ಹೇಳಿದೆ. "ಕೌಂಟರಲ್ಲಿ ಆಗೋದನ್ನ ಏನಂತಾರೆ ಅತ್ತೆ?" ಎಂದು ಕೇಳಿದೆ. "ಎದೆ ಹೊಡ್ಕೊಳ್ಳುತ್ತೆ ಅಂತೀಯ. ಓಡಿಹೋಗೋಣ ಅನ್ಸುತ್ತೆ ಅಂತೀಯ. ಅದು ಟೆನ್ಷನ್ ಅಲ್ಲ ಕಣಮ್ಮ, ದಿಗಿಲು" ಎಂದರು. ರಾತ್ರಿ ಮೂರು ಗಂಟೆಯದ್ದು? "ಅದು ಕೊರಗು." ಬ್ಯಾಂಕಿಗೆ ಹೊರಡುವ ಮುಂಚೆ ಹೊಟ್ಟೆಯಲ್ಲಿ ಆಗುವುದು? "ತಳಮಳ." ಹೀಗೆ ಒಂದೊಂದಾಗಿ ಕೊಟ್ಟರು. ನಮ್ಮ ಭಾಷೆಯಲ್ಲಿ ಇಷ್ಟೆಲ್ಲ ಇಟ್ಟುಕೊಂಡು ನಾವು ಒಂದೇ ಪದದಲ್ಲಿ ಬದುಕುತ್ತಿದ್ದೇವೆ ಅಲ್ವಾ?

ಹೆಸರು ಹಿಡಿಯುವುದು ಯಾಕೆ ಮುಖ್ಯ ಎಂದರೆ, ಒಂದೊಂದಕ್ಕೂ ಮದ್ದು ಬೇರೆ. ಹೆಸರಿಡುವುದಕ್ಕೇ ಒಂದಿಷ್ಟು ಶಕ್ತಿಯೂ ಇದೆಯಂತೆ. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮ್ಯಾಥ್ಯೂ ಲೀಬರ್‌ಮನ್ ಎಂಬ ಸಂಶೋಧಕರು ಮತ್ತು ಅವರ ತಂಡ ಇದನ್ನು ಪರೀಕ್ಷೆ ಮಾಡಿದ್ದರು. ಕೋಪ, ಭಯ ತುಂಬಿದ ಮುಖಗಳ ಚಿತ್ರ ನೋಡುತ್ತ ಆ ಭಾವನೆಯ ಹೆಸರನ್ನು ಆರಿಸಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ಸ್ವಲ್ಪ ತಣ್ಣಗಾಗುವುದು ಕಂಡಿತು.

ಬರೆಯುವ ರೀತಿ ಸುಲಭ. ಒಂದು ಹಳೆ ಡೈರಿ ಸಾಕು. ಹೊತ್ತು, ಮೈಯಲ್ಲಿ ಎಲ್ಲಿ ಆಯಿತು, ಪದ, ಈ ಮೂರೇ ವಿಷಯ. "11.40. ಎದೆ, ಅಂಗೈ. ದಿಗಿಲು." ಇಷ್ಟೇ. ಕಾರಣ ಬರೆಯಬೇಡಿ. ಕಾರಣ ಬರೆಯಲು ಹೋದರೆ ಅದು ನಾಲ್ಕು ಪುಟದ ಪುರಾಣವಾಗಿ, ಮೂರನೇ ದಿನಕ್ಕೆ ಡೈರಿ ಮೂಲೆ ಸೇರುತ್ತದೆ. ಹತ್ತು ದಿನ ಬರೆದ ಮೇಲೆ ಒಟ್ಟಿಗೆ ಓದಿ. ನನ್ನ ಡೈರಿಯಲ್ಲಿ ದಿಗಿಲು ಬಹುಪಾಲು 11ರಿಂದ 12ರ ನಡುವೆ ಇತ್ತು. ನಾನು ತಿಂಡಿ ತಿನ್ನದೆ ಬರೀ ಕಾಫಿ ಕುಡಿದು ಓಡುತ್ತಿದ್ದ ದಿನಗಳೇ ಅವು.

ದಿಗಿಲು ಬಂದಾಗ

ಮೊದಲೇ ಒಂದು ಮಾತು. ಎದೆಯಲ್ಲಿ ಹಿಂಡಿದಂಥ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಬೆವರು, ಉಸಿರು ಸಿಗದಿರುವುದು, ಇವು ಇದ್ದರೆ ಮನಸ್ಸಿನದ್ದು ಎಂದು ಮನೆಯಲ್ಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಮೊದಲ ಸಲ ಆದರೆ ಹೃದಯ ಸರಿ ಇದೆ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು.

ಹೃದಯ ಸರಿ ಇದೆ ಎಂದು ಗೊತ್ತಾದ ಮೇಲೆ ಕೆಲಸ ಬೇರೆ. ದಿಗಿಲು ಅಂದರೆ ದೇಹ ಹುಲಿ ಬಂತೆಂದು ಅಡ್ರಿನಲಿನ್ ಸುರಿಸುವುದು. ಹುಲಿ ಇಲ್ಲ, ಓಡಲು ಜಾಗವೂ ಇಲ್ಲ, ಹಾಗಾಗಿ ಮೈಯೆಲ್ಲ ನಡುಗುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ ಇಳಿಯತೊಡಗುತ್ತದೆ. ಇದು ತಿಳಿದಿರುವುದೇ ಅರ್ಧ ಮದ್ದು.

ಇನ್ನರ್ಧ ಉಸಿರು. ಜನ "ದೀರ್ಘವಾಗಿ ಉಸಿರು ತಗೊಳ್ಳಿ" ಅನ್ನುತ್ತಾರೆ. ದಿಗಿಲಿನಲ್ಲಿ ನಾವು ಆಗಲೇ ಜಾಸ್ತಿ ಎಳೆದುಕೊಳ್ಳುತ್ತಿರುತ್ತೇವೆ. ಬಿಡುವುದರ ಕಡೆ ಗಮನ ಕೊಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಬಿಸಿ ಹಾಲು ಆರಿಸುವಾಗ ಮೆಲ್ಲಗೆ ಊದುತ್ತೇವಲ್ಲ, ಹಾಗೆ. ಉಸಿರು ಹೊರಗೆ ಹೋಗುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ನಿಧಾನ ಆಗುತ್ತದೆ. ಇಂಥ ಹನ್ನೆರಡು ಉಸಿರಿಗೆ ಎರಡು ನಿಮಿಷ ಹಿಡಿಯುತ್ತದೆ. ಗಾಜಿನಾಚೆ ಇರುವ ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ.

ಜೊತೆಗೆ ನಾನು ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಒತ್ತುತ್ತೇನೆ. ತಣ್ಣನೆಯ ಮೊಸಾಯಿಕ್ ನೆಲ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳುತ್ತೇನೆ. ಸೀಲು, ಪ್ಯಾಡು, ಪಿನ್ನು, ಸ್ಪಂಜು, ರಬ್ಬರ್ ಬ್ಯಾಂಡು.

ದಿಗಿಲು ಬರುವ ಜಾಗದಿಂದ ಎದ್ದು ಓಡಬೇಡಿ. ಒಂದು ವಾರ ನಾನು ಸಹೋದ್ಯೋಗಿಯನ್ನು ಕೇಳಿಕೊಂಡು ಕೌಂಟರ್ ಬದಲಾಯಿಸಿದ್ದೆ. ಆರಾಮ ಅನಿಸಿತು. ವಾಪಸ್ ಬಂದ ದಿನ ದಿಗಿಲು ಎರಡರಷ್ಟಿತ್ತು. ತಪ್ಪಿಸಿಕೊಂಡಷ್ಟೂ ಮನಸ್ಸು "ಹೌದು, ಅಲ್ಲಿ ಅಪಾಯ ಇದೆ" ಎಂದು ಗಟ್ಟಿ ಮಾಡಿಕೊಳ್ಳುತ್ತದೆ. ಎಣಿಸಿದ್ದನ್ನೇ ಎಣಿಸುವುದಕ್ಕೂ ಇದೇ ಮಾತು. ಒಂದು ಸಲ ಮಷೀನು, ಒಂದು ಸಲ ಕೈ, ಮುಂದಕ್ಕೆ. ಮೊದಮೊದಲು ಕೈ ತುರಿಸುತ್ತಿತ್ತು. ಮೂರನೇ ವಾರಕ್ಕೆ ಕಡಿಮೆಯಾಯಿತು.

ಯೋಚನೆಗೆ ಒಂದು ಹೊತ್ತು, ಕೊರಗಿಗೆ ಒಂದು ಕೆಲಸ

ನಮ್ಮ ಕಡೆ ಯೋಚನೆ ಎಂದರೆ ಆಲೋಚನೆಯೂ ಹೌದು, ಚಿಂತೆಯೂ ಹೌದು. "ಯೋಚ್ನೆ ಮಾಡ್ಬೇಡ" ಅಂದರೆ ಚಿಂತಿಸಬೇಡ ಅಂತ. ಆ ಒಂದೇ ಪದದಿಂದಾಗಿ, ಚಿಂತೆ ಮಾಡುತ್ತ ಕೂತವರಿಗೂ ತಾವೇನೋ ಕೆಲಸ ಮಾಡುತ್ತಿದ್ದೇವೆ ಅನಿಸಿಬಿಡುತ್ತದೆ.

ನಾನು ಯೋಚನೆಗೆ ಸಂಜೆ ಏಳೂಕಾಲರಿಂದ ಏಳೂವರೆವರೆಗೆ ಹೊತ್ತು ಕೊಟ್ಟಿದ್ದೇನೆ. ಕುಕ್ಕರ್ ಒಲೆ ಮೇಲಿರುತ್ತದೆ. ಹಗಲಲ್ಲಿ ಏನೇ ಬಂದರೂ ಡೈರಿಯ ಹಿಂದಿನ ಪುಟದಲ್ಲಿ ಒಂದು ಪದ ಬರೆದು, "ಏಳೂಕಾಲಕ್ಕೆ ಬಾ" ಅನ್ನುತ್ತೇನೆ. ಏಳೂಕಾಲಕ್ಕೆ ಕೂತು ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ. ನಾಳೆ ಇದಕ್ಕೆ ನಾನು ಮಾಡಬಹುದಾದ ಸಣ್ಣ ಕೆಲಸ ಏನು? "ಅತ್ತೆ ಬಿಪಿ ಮಾತ್ರೆ ಮುಗೀತಿದೆ" ಎಂಬುದಕ್ಕೆ ಉತ್ತರ ಇದೆ. "ಮಗನ ಭವಿಷ್ಯ" ಎಂಬುದಕ್ಕೆ ಇಲ್ಲ. ಉತ್ತರ ಇರುವುದು ನಾಳೆಯ ಪುಟಕ್ಕೆ ಹೋಗುತ್ತದೆ. ಉಳಿದದ್ದು ನಾಳೆ ಏಳೂಕಾಲಕ್ಕೆ ಮತ್ತೆ ಬರಲಿ. ಸುಮಾರು ವಿಷಯಗಳು ಸಂಜೆ ಹೊತ್ತಿಗೆ ತಾವಾಗಿಯೇ ಚಿಕ್ಕದಾಗಿರುತ್ತವೆ. ಇದನ್ನು ನಾನೇ ನೋಡಿ ನಂಬಿದ್ದು.

ಕೊರಗು ಬೇರೆ. ಯೋಚನೆ ನಾಳೆಯದ್ದು, ಕೊರಗು ನಿನ್ನೆಯದ್ದು. 18,500 ಯಾರಿಗೆ ಕೊಟ್ಟೆ, ಯಾಕೆ ಮತ್ತೊಮ್ಮೆ ಎಣಿಸಲಿಲ್ಲ ಎಂದು ಮನಸ್ಸು ಅದೇ ಸುತ್ತು ಹೊಡೆಯುತ್ತದೆ. ಅದಕ್ಕೆ ನಾಳೆ ಮಾಡುವ ಕೆಲಸ ಯಾವುದೂ ಇಲ್ಲ. ವಾದ ಮಾಡಿ ಗೆಲ್ಲಲೂ ಆಗುವುದಿಲ್ಲ. ನನಗೆ ಸಹಾಯ ಮಾಡಿದ್ದು ಕೈಗೆ ಕೆಲಸ. ಅವರೆಕಾಯಿ ಕಾಲದಲ್ಲಿ ನೆನೆಹಾಕಿದ ಕಾಳು ಹಿತಕುವುದು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮುತ್ತದಲ್ಲ, ಅಲ್ಲಿ ಗಮನ ಇಡಲೇಬೇಕು. ಉಳಿದ ಕಾಲದಲ್ಲಿ ಮಲ್ಲಿಗೆ, ಕನಕಾಂಬರ ಕಟ್ಟುತ್ತೇನೆ. ಟಿವಿ ನೋಡಿದರೆ ಕೊರಗು ಹೋಗುವುದಿಲ್ಲ. ಟಿವಿ ಪಾಡಿಗೆ ಟಿವಿ, ಕೊರಗಿನ ಪಾಡಿಗೆ ಕೊರಗು ಓಡುತ್ತವೆ.

ಇನ್ನೊಂದು. ಇದೇ ತಪ್ಪನ್ನು ಪಕ್ಕದ ಕೌಂಟರಿನ ಹುಡುಗಿ ಮಾಡಿದ್ದರೆ ನಾನು ಅವಳಿಗೆ ಏನು ಹೇಳುತ್ತಿದ್ದೆ? "ಹೋಗ್ಲಿ ಬಿಡಮ್ಮ, ಆಗುತ್ತೆ" ಅನ್ನುತ್ತಿದ್ದೆ. ಆ ಮಾತನ್ನು ನನ್ನ ಹೆಸರು ಹಿಡಿದು ನನಗೇ ಜೋರಾಗಿ ಹೇಳಿಕೊಂಡೆ, ಬಚ್ಚಲುಮನೆಯಲ್ಲಿ. ಕಣ್ಣಲ್ಲಿ ನೀರು ಬಂತು.

ನಿದ್ದೆ

ಮಲಗುವ ಹೊತ್ತು ನಮ್ಮ ಕೈಲಿಲ್ಲ, ಏಳುವ ಹೊತ್ತು ಇದೆ. ರಾತ್ರಿ ಎಷ್ಟೇ ಕೆಟ್ಟರೂ ನಾನು ಐದೂಮುಕ್ಕಾಲಿಗೆ ಏಳುತ್ತೇನೆ, ಭಾನುವಾರವೂ. ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬಂದು ನಡುಮನೆಯಲ್ಲಿ ಕೂರುತ್ತೇನೆ. ದೊಡ್ಡ ದೀಪ ಹಾಕುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ, ಗಡಿಯಾರ ನೋಡುವುದಿಲ್ಲ. ಸಂಜೆ ಐದರ ಫಿಲ್ಟರ್ ಕಾಫಿ ಬಿಟ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲಿ ಇರುತ್ತದೆ. ಅಂದರೆ ಹತ್ತು ಗಂಟೆಗೆ ಅರ್ಧ ಲೋಟ ಕುಡಿದು ಮಲಗಿದ ಹಾಗೆ. ಬಿಡಲು ಬಹಳ ಕಷ್ಟವಾಯಿತು.

ರೇಗುವುದರ ಕೆಳಗೆ ಏನಿದೆ ನೋಡಿ

ಅತ್ತೆಯ ಮೇಲೆ ರೇಗುತ್ತಿದ್ದೆ. ಸ್ವಾಧೀನ ಇಲ್ಲದ ಮುದುಕಿಯ ಮೇಲೆ. ರೇಗಿ, ಆಮೇಲೆ ಪಾಪಪ್ರಜ್ಞೆ, ಅದನ್ನು ತೀರಿಸಲು ಇನ್ನಷ್ಟು ಸೇವೆ, ಇನ್ನಷ್ಟು ದಣಿವು, ಮತ್ತೆ ರೇಗು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಎಲ್ಲ ಹೆಣ್ಣುಮಕ್ಕಳಿಗೂ ಈ ಸುತ್ತು ಗೊತ್ತು.

ಡೈರಿಯಲ್ಲಿ "ಸಿಟ್ಟು" ಎಂದು ಬರೆದ ಕಡೆಯೆಲ್ಲ ನಿಂತು ಕೇಳಿಕೊಂಡೆ, ಇದು ಸಿಟ್ಟೋ, ಸುಸ್ತೋ, ಮುನಿಸೋ? ಬಹುಪಾಲು ಸುಸ್ತು. ಸ್ವಲ್ಪ ಮುನಿಸು, ಅದೂ ಅತ್ತೆಯ ಮೇಲಲ್ಲ. ಬೆಂಗಳೂರಿನಲ್ಲಿರುವ ಮೈದುನನ ಮೇಲೆ. ಅವನು ವಾರಕ್ಕೊಮ್ಮೆ ಫೋನು ಮಾಡಿ "ಹೇಗಿದಾರೆ ಅಮ್ಮ" ಅಂತ ಕೇಳಿ ಇಟ್ಟುಬಿಡುತ್ತಿದ್ದ.

ಮುನಿಸಿಗೆ ಮದ್ದು ಕೇಳುವುದು. "ನಿಮಗೇನು ಗೊತ್ತು ನಮ್ಮ ಕಷ್ಟ" ಅಂದರೆ ಜಗಳ ಆಗುತ್ತದೆ, ಕೆಲಸ ಆಗುವುದಿಲ್ಲ. ಒಂದು ದಿನ, ಒಂದು ಕೆಲಸ ಹೆಸರಿಸಿ ಕೇಳಬೇಕು. ನಾನು ಹೀಗೆ ಹೇಳಿದೆ: "ಎರಡನೇ ಶನಿವಾರ ನಮ್ಮ ಬ್ಯಾಂಕಿಗೆ ರಜ. ಶುಕ್ರವಾರ ರಾತ್ರಿ ರೈಲಿಗೆ ಬಾ. ಶನಿವಾರ ಅಮ್ಮನ ಸ್ನಾನ, ಊಟ, ಫಿಸಿಯೋಥೆರಪಿ ನಿಂದು. ನಾನು ತವರಿಗೆ ಹೋಗಿ ಬರ್ತೀನಿ." ಅವನು ಒಂದು ಕ್ಷಣ ಸುಮ್ಮನಿದ್ದು "ಆಯ್ತು ಅತ್ತಿಗೆ" ಎಂದ. ಎರಡು ವರ್ಷ ಕೇಳದೆ ಸುಮ್ನೆ ಕುದ್ದಿದ್ದೆನಲ್ಲ ಅನಿಸಿತು. ನಿಮ್ಮ ಮನೆಯಲ್ಲಿ "ಆಗಲ್ಲ" ಅನ್ನುವವರೂ ಇರಬಹುದು. ಆಗ ಹಾಗಿದ್ದರೆ ಆಯಾಳಿಗೆ ದುಡ್ಡು ಕೊಡಿ ಎಂದು ಕೇಳಿ. ಅದೂ ಹಕ್ಕಿನ ಮಾತೇ.

ಬೇಜಾರು ತುಂಬ ದಿನ ಇದ್ದರೆ

ಬೇಜಾರು ಬಂದಾಗ ಮನಸ್ಸು ಆದಮೇಲೆ ಮಾಡೋಣ ಎಂದು ಕಾಯಬೇಡಿ. ಮೊದಲು ಕೆಲಸ, ಮನಸ್ಸು ಹಿಂದೆಯೇ ಬರುತ್ತದೆ. ವಾಕಿಂಗ್ ಅರ್ಧ ಗಂಟೆ ಬೇಡ, ಬೀದಿ ಕೊನೆಯ ಹಾಲಿನ ಬೂತ್‌ವರೆಗೆ ಹೋಗಿ ಬನ್ನಿ. ತಲೆ ಬಾಚಿಕೊಳ್ಳಿ. ಒಬ್ಬರಿಗೆ ಫೋನು ಮಾಡಿ.

ಆದರೆ ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಅದು ಬಿಡದಿದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದೆಲ್ಲ ಸಪ್ಪೆಯಾಗಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಕುಗ್ಗುತ್ತದೆ. ನಲವತ್ತೈದು ದಾಟಿದ ಹೆಂಗಸರು ಮುಟ್ಟು ನಿಲ್ಲುವ ಕಾಲದ ಬಗ್ಗೆಯೂ ಬಾಯಿಬಿಟ್ಟು ಹೇಳಿ. ರಾತ್ರಿ ಬೆವರುವುದು, ನಿದ್ದೆ ಮುರಿಯುವುದು, ರೇಗುವುದು ಅದರಿಂದಲೂ ಇರಬಹುದು. ನನಗೆ ಸ್ವಲ್ಪ ಅದೂ ಇತ್ತು.

ಮನೋವೈದ್ಯರು ನನಗೆ ಮಾತ್ರೆ ಬರೆದರು. ಮೊದಲ ವಾರ ಹೊಟ್ಟೆ ತೊಳಸಿತು, ಗುಣ ಕಾಣಲಿಲ್ಲ. ಖಿನ್ನತೆ, ಆತಂಕದ ಮಾತ್ರೆಗಳು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು ಎಂದು ಅವರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಗುಣ ಆಯಿತೆಂದು ನಾವಾಗಿ ನಿಲ್ಲಿಸಲೂಬಾರದು, ಅವರು ನಿಧಾನಕ್ಕೆ ಇಳಿಸುತ್ತಾರೆ. ನಿದ್ದೆ ಮಾತ್ರೆಯನ್ನು ಮಾತ್ರ ಅಂಗಡಿಯಿಂದ ಕೇಳಿ ತಂದು ನುಂಗಬೇಡಿ. ಅಲ್ಪ್ರಜೋಲಾಂನಂಥವು ಬೇಗ ಅಭ್ಯಾಸವಾಗಿಬಿಡುತ್ತವೆ.

ಮನೆಯ ಬೇರೆಯವರಿಗೆ

ಮಗನಿಗೆ 2025ರ ಮಾರ್ಚಿನಲ್ಲಿ ದ್ವಿತೀಯ ಪಿಯು ಪರೀಕ್ಷೆ. ಜನವರಿಯಿಂದ ಊಟ ಬಿಟ್ಟ. "ಏನೋ ಆಯ್ತು?" ಅಂದರೆ "ಏನಿಲ್ಲಮ್ಮ." ಎದುರಿಗೆ ಕೂರಿಸಿಕೊಂಡು ಕೇಳಿದರೆ ಈ ವಯಸ್ಸಿನವರು ಹೇಳುವುದಿಲ್ಲ. ಸ್ಕೂಟರಿನ ಹಿಂದೆ ಕೂತಾಗ ಹೇಳುತ್ತಾರೆ, ಮುಖ ಕಾಣುವುದಿಲ್ಲವಲ್ಲ. "ಟೆನ್ಷನ್ ಮಾಡ್ಕೋಬೇಡ" ಎಂಬ ಮಾತು ತುದಿ ನಾಲಗೆಗೆ ಬಂದಿತ್ತು, ನುಂಗಿಕೊಂಡೆ. "ಹೊಟ್ಟೇಲಿ ಏನನ್ಸುತ್ತೆ?" ಎಂದು ಕೇಳಿದೆ. ಸ್ವಲ್ಪ ದೂರ ಹೋದ ಮೇಲೆ "ಹೋಗ್ಬಿಟ್ರೆ ಅಂತ ಅಳುಕು ಅಮ್ಮ" ಎಂದ. ಅಜ್ಜಿಯ ಪದ.

ಅಳುಕಿಗೆ ಬೇಕಾದದ್ದು ಧೈರ್ಯದ ಭಾಷಣ ಅಲ್ಲ, ಮುಂದಿನ ದಾರಿ. 2024ರಲ್ಲಿ ಶುರುವಾದ ಏರ್ಪಾಡಿನಂತೆ ಆಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯಲು ಅವಕಾಶ ಇತ್ತು. ಅದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮೊದಲನೆಯದು ಹೋದರೆ ಎರಡನೆಯದು, ಅದಾದರೆ ಮೂರನೆಯದು. ಆ ರಾತ್ರಿ ಎರಡು ಮುದ್ದೆ ಉಂಡ.

ಮನೆಯಲ್ಲಿ ಯಾರಾದರೂ "ನಾನಿದ್ದು ಏನು ಪ್ರಯೋಜನ", "ನಾನು ಹೋದ್ರೆ ನಿಮಗೆಲ್ಲ ನೆಮ್ಮದಿ" ಎಂದರೆ ಅದನ್ನು ಮಾತಿಗೆ ಮಾತು ಎಂದು ಬಿಡಬೇಡಿ. ನೇರವಾಗಿ ಕೇಳಿ, "ಸಾಯಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಬಾಗಿಲು ತೆರೆದಂತೆ ಆಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆಗಳನ್ನೂ ತೋಟಕ್ಕೆ ಹೊಡೆಯುವ ಔಷಧಿಯನ್ನೂ ಬೀಗ ಹಾಕಿ, ಕೀಲಿ ಬೇರೆಯವರ ಕೈಗೆ ಕೊಡಿ. 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್. ಹಗಲುರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೈಮೀರುತ್ತಿದೆ ಅನಿಸಿದರೆ 112 ಅಥವಾ ಹತ್ತಿರದ ಆಸ್ಪತ್ರೆ. ಈ ನಂಬರುಗಳನ್ನು ಗ್ಯಾಸ್ ಬುಕಿಂಗ್ ನಂಬರ್ ಬರೆದಿಡುವ ಜಾಗದಲ್ಲೇ ಬರೆದಿಡಿ. ನಿಮಗೇ ಹಾಗೆ ಅನ್ನಿಸುತ್ತಿದ್ದರೂ ಇದೇ ನಂಬರು, ಈಗಲೇ.

ಅತ್ತೆ ಕೊಟ್ಟ ಇನ್ನೊಂದು ಪದ ಉಳಿದಿದೆ. ನನ್ನ ಡೈರಿಯಲ್ಲಿ ಆಗಾಗ "ಗಂಟಲು. ಏನೋ ಸಿಕ್ಕಿಕೊಂಡ ಹಾಗೆ" ಎಂದು ಬರೆದು ಪದದ ಜಾಗ ಖಾಲಿ ಬಿಟ್ಟಿದ್ದೆ. ಕಳೆದ ಡಿಸೆಂಬರಿನಲ್ಲಿ ಅವರೆ ಹಿತಕುತ್ತ ಓದಿ ಹೇಳಿದೆ. ಅವರು ಬಲಗೈಯಲ್ಲೇ ಒಂದೊಂದು ಕಾಳು ಹಿತಕುತ್ತಿದ್ದರು. "ಯಾವ್ಯಾವಾಗ ಬರುತ್ತೆ?" ಎಂದು ಕೇಳಿದರು. ತವರಿಗೆ ಹೋಗಿ ಬಂದ ಮೇಲೆ ಎಂದೆ. ನಮ್ಮಪ್ಪ ಹೋದದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಲ್ಲಿ. ಮುಖ ನೋಡಲೂ ಆಗಿರಲಿಲ್ಲ. ಹದಿನೈದು ದಿನಕ್ಕೆ ಕೌಂಟರಿಗೆ ವಾಪಸ್ ಬಂದಿದ್ದೆ.

"ಉಮ್ಮಳ" ಎಂದರು ಅತ್ತೆ. "ಅದಕ್ಕೆ ಉಸಿರು ಗಿಸಿರು ಎಣಿಸ್ಬೇಡ. ನಿಮ್ಮಪ್ಪ ಹೇಗಿದ್ರು, ಹೇಳು ನಂಗೆ."

ಹೇಳಿದೆ. ಎಳನೀರು ಕೆತ್ತಿಕೊಡುವಾಗ ಮೊದಲ ಗುಟುಕು ತಾವೇ ಕುಡಿದು ಸಿಹಿ ನೋಡಿ ಕೊಡುತ್ತಿದ್ದರು ಎಂಬಲ್ಲಿಗೆ ಬಂದಾಗ ಜೋರಾಗಿ ಅಳು ಬಂತು. ಅತ್ತೆ ಕಾಳು ಹಿತಕುತ್ತಲೇ ಇದ್ದರು, ನಡುನಡುವೆ "ಹ್ಞೂಂ, ಆಮೇಲೆ?" ಅನ್ನುತ್ತ.